ಕಾಗಿಣಾ ತೀರದ ಮಳಖೇಡ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ನೀಡಿದ ಉಪನ್ಯಾಸ)

   

ನೂತನ ಬಸದಿಯ ಪ್ರತಿಷ್ಠೆ ಜರಗುವ ಶುಭ ಸಂದರ್ಭದಲ್ಲಿ ಹಳೆಯದೊಂದು ಕ್ಷೇತ್ರವನ್ನು ನೆನೆಯುವುದು ಉಚಿತವಾಗಿದೆ. ಕಟ್ಟುವವರು ಹಿಂದೆ ಕಟ್ಟಿದವರ ಕಥೆಯನ್ನು ಅರಿತಿರಬೇಕು. ಅದರಲ್ಲಿಯೂ ಕಟ್ಟಿದ್ದರಲ್ಲಿ ಯಾವುದು ಉಳಿಯಿತು, ಯಾವುದು ಅಳಿಯಿತು, ಉಳಿದದ್ದು ಯಾರಿಂದ ಉಳಿಯಿತು ಎಂಬುದನ್ನು ಅವಶ್ಯವಾಗಿ ತಿಳಿದಿರಬೇಕು. ಈ ವಿಚಾರಕ್ಕೆ ಕರ್ನಾಟಕದ ಉತ್ತರ ಭಾಗದ ಪುಟ್ಟ ಊರಾದ ಮಳಖೇಡಕ್ಕಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ.

ಕಲಬುರಗಿಯಿಂದ ಸುಮಾರು 40 ಕಿಲೋಮೀಟರು ದೂರದಲ್ಲಿ, ಸೇಡಂ ತಾಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡವಿದೆ. ಕಾಗಿಣಾ ಭೀಮೆಯನ್ನು ಸೇರುವ ನದಿ. ಬೇಸಿಗೆಯಲ್ಲಿ ಬಡವಾಗಿ ಹರಿಯುವ ಈ ಹೊಳೆ ಮಳೆಗಾಲದಲ್ಲಿ ದಡ ಮೀರಿ ಊರಿನೊಳಕ್ಕೆ ನುಗ್ಗುವುದುಂಟು. ಸುತ್ತಲೂ ಎರೆಯ ಭೂಮಿ. ತೊಗರಿ ಮತ್ತು ಜೋಳ ಇಲ್ಲಿಯ ಮುಖ್ಯ ಬೆಳೆಗಳು. ನೆಲದಡಿಯಲ್ಲಿ ಸುಣ್ಣದ ಕಲ್ಲು ಹೇರಳವಾಗಿದೆ. ಶಹಾಬಾದಿನ ಹೆಸರಿನಲ್ಲಿ ದೇಶದ ತುಂಬ ಮನೆಗಳಿಗೆ ನೆಲಹಾಸಾಗಿರುವ ಕಲ್ಲು ಈ ಸೀಮೆಯದೇ. ಅದೇ ಕಲ್ಲನ್ನು ನಂಬಿ ಇತ್ತೀಚಿನ ದಶಕಗಳಲ್ಲಿ ದೊಡ್ಡ ಸಿಮೆಂಟು ಕಾರ್ಖಾನೆಗಳು ಬಂದಿವೆ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ಆರಂಭವಾದ ರೈಲುಮಾರ್ಗದಲ್ಲಿ ಮಳಖೇಡ ರೋಡ್ ಎಂಬ ನಿಲ್ದಾಣವಿದೆ. ಆ ಮಾರ್ಗವಾಗಿ ಸಾಗುವ ಪ್ರಯಾಣಿಕರಲ್ಲಿ ಹೆಚ್ಚಿನವರು ಆ ಹೆಸರನ್ನು ಓದಿ ಮುಂದೆ ಹೋಗುತ್ತಾರೆ. ಒಂದು ಕಾಲಕ್ಕೆ ಜಗತ್ತಿನ ವರ್ತಕರು ಹೆಸರು ಹಿಡಿದು ಹೇಳುತ್ತಿದ್ದ ರಾಜಧಾನಿ ಅದೇ ಎಂಬ ಸಂಗತಿ ಅವರಿಗೆ ತಿಳಿದಿರಲಾರದು.

ಈ ಊರಿನ ಹಳೆಯ ಹೆಸರು ಮಾನ್ಯಖೇಟ. ಅರಬ್ಬೀ ಬರಹಗಾರರು ಇದನ್ನು ಮಾಂಕೀರ್ ಎಂದು ಕರೆದರು. ಚೋಳರ ತಮಿಳು ಶಾಸನಗಳಲ್ಲಿ ಇದು ಮಣ್ಣೈಕ್ಕಡಕ್ಕಂ ಎಂದಾಗಿದೆ. ಒಂದು ಊರಿನ ಹೆಸರು ಇಷ್ಟು ಭಾಷೆಗಳಲ್ಲಿ ಇಷ್ಟು ಬಗೆಯಾಗಿ ಬಳಕೆಯಾಗಿದೆಯೆಂದರೆ ಆ ಊರಿಗೆ ಎಷ್ಟು ದಿಕ್ಕುಗಳಿಂದ ಜನ ಬರುತ್ತಿದ್ದರೆಂಬುದನ್ನು ಊಹಿಸಬಹುದು. ಕ್ರಿ.ಶ. 851ರಲ್ಲಿ ರಚಿತವಾದ, ಸುಲೈಮಾನ್ ಎಂಬ ವರ್ತಕನ ಹೆಸರಿನಲ್ಲಿ ಪ್ರಸಿದ್ಧವಾದ ಅರಬ್ಬೀ ವೃತ್ತಾಂತವು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಬಲ್ಹರನನ್ನೂ ಒಬ್ಬನೆಂದು ಎಣಿಸಿದೆ. ಬಲ್ಹರನೆಂದರೆ ವಲ್ಲಭರಾಜ, ಅಂದರೆ ರಾಷ್ಟ್ರಕೂಟ ಚಕ್ರವರ್ತಿ. ಆಗ ಸಿಂಹಾಸನದಲ್ಲಿದ್ದವನು ನೃಪತುಂಗನೆಂಬ ಬಿರುದಿನ ಅಮೋಘವರ್ಷ.

ಅಮೋಘವರ್ಷನು 814ರಲ್ಲಿ ಎಳೆಯ ವಯಸ್ಸಿನಲ್ಲಿಯೇ ಪಟ್ಟಕ್ಕೆ ಬಂದು ಅರುವತ್ತು ವರ್ಷಗಳಿಗೂ ಮಿಕ್ಕಿ ರಾಜ್ಯವಾಳಿದನು. ಆರಂಭದಲ್ಲಿ ಸಾಮಂತರು ದಂಗೆಯೆದ್ದರು. ಗುಜರಾತಿನ ಶಾಖೆಯ ಬಂಧು ಕರ್ಕನು ಬಾಲಕ ದೊರೆಯ ಬೆಂಬಲಕ್ಕೆ ನಿಂತನು. ಮಾನ್ಯಖೇಟವನ್ನು ದೇವೇಂದ್ರನ ಅಮರಾವತಿಯೂ ನಾಚುವಂತೆ ಕಟ್ಟಿದವನು ಇವನೇ ಎಂದು ಮುಂದಿನ ರಾಷ್ಟ್ರಕೂಟ ಅರಸರ ತಾಮ್ರಶಾಸನಗಳು ಹೊಗಳುತ್ತವೆ. ಆದರೆ ಈ ಅರಸನ ಹೆಸರನ್ನು ಇಂದಿಗೂ ಜನ ನೆನೆಯುವುದು ಅವನು ಕಟ್ಟಿದ ಅರಮನೆಗಾಗಿ ಅಲ್ಲ. ಆ ಅರಮನೆಯ ಕಂಬಗಳನ್ನಾಗಲಿ ತೊಲೆಗಳನ್ನಾಗಲಿ ಇದೇ ಎಂದು ಇಂದು ತೋರಿಸುವಂತಿಲ್ಲ. ಅವನ ಆಶ್ರಯದಲ್ಲಿ ಬರೆದ ಗ್ರಂಥಗಳು ಮಾತ್ರ ನಮ್ಮ ಕೈಯಲ್ಲಿವೆ.

ಅವನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದು. ಅದನ್ನು ಬರೆದವನು ಶ್ರೀವಿಜಯನೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂಬ ಹೆಮ್ಮೆಯ ಮಾತಿಗೆ ಆ ಗ್ರಂಥವೇ ಆಧಾರ. ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ವು ಇದೇ ಅರಸನ ಹೊಗಳಿಕೆಯಿಂದ ಆರಂಭವಾಗುತ್ತದೆ. ಅಸಲು, ಬಡ್ಡಿ, ಅವಧಿಗಳ ಲೆಕ್ಕ, ಪಾಲುಗಾರಿಕೆಯ ಲೆಕ್ಕ, ಚಿನ್ನದ ಬೆರಕೆಯ ಲೆಕ್ಕ ಇವೆಲ್ಲವನ್ನೂ ಅದರಲ್ಲಿ ಕ್ರಮವಾಗಿ ಹೇಳಲಾಗಿದೆ. ಸಾವಿರದ ನೂರು ವರ್ಷಗಳಿಗೂ ಹಿಂದೆ ಜೈನಾಚಾರ್ಯರೊಬ್ಬರು ವ್ಯಾಪಾರಿಯ ನಿತ್ಯದ ಲೆಕ್ಕವನ್ನೂ ಶಾಸ್ತ್ರದ ಪದವಿಗೆ ಏರಿಸಿದರೆಂಬುದು ವರ್ತಕ ವೃತ್ತಿಯ ಬಂಧುಗಳಿಗೆ ಅಭಿಮಾನದ ಸಂಗತಿ. ವ್ಯಾಕರಣಕಾರ ಶಾಕಟಾಯನರು ತಮ್ಮ ಗ್ರಂಥದ ವೃತ್ತಿಗೆ ‘ಅಮೋಘವೃತ್ತಿ’ ಎಂದು ಅರಸನ ಹೆಸರನ್ನೇ ಇಟ್ಟರು. ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ಬರೆದ ಉಗ್ರಾದಿತ್ಯಾಚಾರ್ಯರು ನೃಪತುಂಗನ ಸಭೆಯಲ್ಲಿ ಮಾಂಸಾಹಾರದ ನಿಷ್ಪ್ರಯೋಜಕತೆಯನ್ನು ಪ್ರತಿಪಾದಿಸಿದುದಾಗಿ ತಿಳಿಸಿದ್ದಾರೆ.

ಇವರೆಲ್ಲರಲ್ಲಿ ಅಗ್ರಗಣ್ಯರು ಜಿನಸೇನಾಚಾರ್ಯರು. ಅವರ ಪಾದಗಳಿಗೆ ನಮಸ್ಕರಿಸಿದ ದಿನ ಅಮೋಘವರ್ಷನು ತಾನು ಪವಿತ್ರನಾದೆನೆಂದು ಭಾವಿಸುತ್ತಿದ್ದನೆಂದು ಗುಣಭದ್ರಾಚಾರ್ಯರು ಹೇಳಿದ್ದಾರೆ. ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಜಿನಸೇನರ ಗುರುಗಳಾದ ವೀರಸೇನಾಚಾರ್ಯರು 816ರಲ್ಲಿ ‘ಧವಲಾ’ ಟೀಕೆಯನ್ನು ಮುಗಿಸಿ ‘ಜಯಧವಲಾ’ವನ್ನು ಕೈಗೆತ್ತಿಕೊಂಡರು. ಇಪ್ಪತ್ತು ಸಾವಿರ ಗ್ರಂಥ ಪ್ರಮಾಣವಾಗುವಷ್ಟರಲ್ಲಿ ಅವರ ಆಯುಷ್ಯ ತೀರಿತು. ಉಳಿದ ನಲವತ್ತು ಸಾವಿರವನ್ನು ಶಿಷ್ಯರಾದ ಜಿನಸೇನರು ಬರೆದು 837ರಲ್ಲಿ ವಾಟಗ್ರಾಮಪುರದಲ್ಲಿ ಸಂಪೂರ್ಣಗೊಳಿಸಿದರು. ಮುಂದೆ ಜಿನಸೇನರು ‘ಮಹಾಪುರಾಣ’ವನ್ನು ಆರಂಭಿಸಿದರು. ಅದರ ಮೊದಲ ಭಾಗವಾದ ‘ಆದಿಪುರಾಣ’ದಲ್ಲಿ 42 ಪರ್ವಗಳು ಮುಗಿದು 43ನೆಯ ಪರ್ವದ ಮೂರು ಶ್ಲೋಕಗಳಾಗುವಷ್ಟರಲ್ಲಿ ಅವರೂ ಸಮಾಧಿಸ್ಥರಾದರು. ಅವರ ಶಿಷ್ಯರಾದ ಗುಣಭದ್ರರು ಅಲ್ಲಿಂದಲೇ ಮುಂದುವರಿಸಿ ‘ಉತ್ತರಪುರಾಣ’ವನ್ನೂ ಬರೆದರು. ಗುಣಭದ್ರರ ಶಿಷ್ಯರಾದ ಲೋಕಸೇನರ ಕಾಲದಲ್ಲಿ, 898ರ ಸುಮಾರಿಗೆ, ಬಂಕಾಪುರದಲ್ಲಿ ಆ ಮಹಾಗ್ರಂಥಕ್ಕೆ ಪೂಜೆ ಸಂದಿತು. ಗುರು ಅರ್ಧಕ್ಕೆ ಬಿಟ್ಟದ್ದನ್ನು ಶಿಷ್ಯ ಪೂರ್ಣಗೊಳಿಸಿದನು. ಹೀಗೆ ನಾಲ್ಕು ತಲೆಮಾರುಗಳ ಕೈ ಸೇರಿ ಒಂದು ಕಾರ್ಯ ನೆರವೇರಿತು. ಎಲ್ಲವೂ ತನ್ನ ಕಾಲದಲ್ಲಿಯೇ, ತನ್ನ ಹೆಸರಿನಲ್ಲಿಯೇ ಮುಗಿಯಬೇಕೆಂಬ ಹಟ ಅವರಲ್ಲಿ ಯಾರಿಗೂ ಇರಲಿಲ್ಲ.

ಅಮೋಘವರ್ಷನು ಜಿನಭಕ್ತನಾಗಿದ್ದರೂ ಪರಧರ್ಮಗಳನ್ನು ದ್ವೇಷಿಸಿದವನಲ್ಲ. ಪ್ರಜೆಗಳಿಗೆ ಬಂದೊದಗಿದ ವಿಪತ್ತನ್ನು ನಿವಾರಿಸಲು ಅವನು ತನ್ನ ಎಡಗೈಯ ಬೆರಳನ್ನೇ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು 871ರ ಸಂಜಾನ್ ತಾಮ್ರಶಾಸನ ಹೇಳುತ್ತದೆ. ಕೊನೆಗೆ ವಿವೇಕದಿಂದ ರಾಜ್ಯವನ್ನು ತ್ಯಜಿಸಿದ ಅಮೋಘವರ್ಷನು ರಚಿಸಿದನೆಂದು ‘ಪ್ರಶ್ನೋತ್ತರ ರತ್ನಮಾಲಿಕೆ’ಯ ಕೊನೆಯಲ್ಲಿ ಹೇಳಿದೆ. ಆ ಕಿರುಗ್ರಂಥ ಟಿಬೆಟಿನ ಭಾಷೆಗೂ ಅನುವಾದವಾಯಿತು. ಅರಸನ ಸೇನೆ ಹಿಮಾಲಯವನ್ನು ದಾಟಲಿಲ್ಲವಾದರೂ ಅವನ ಹೆಸರಿನ ಈ ಪುಟ್ಟ ಪುಸ್ತಕ ದಾಟಿತು.

ನೂರು ವರ್ಷಗಳ ತರುವಾಯದ ಮಾತು. ಮೂರನೆಯ ಕೃಷ್ಣನು ಚೋಳರನ್ನು ಜಯಿಸಿದ್ದ ಕಾಲದಲ್ಲಿ ಪುಷ್ಪದಂತನೆಂಬ ಕವಿ ಈ ನಾಡಿಗೆ ಬಂದನು. ಷಟ್ಖಂಡಾಗಮದ ಪುಷ್ಪದಂತಾಚಾರ್ಯರು ಬೇರೆ, ಈ ಅಪಭ್ರಂಶ ಕವಿ ಬೇರೆ. ಇವನ ತಂದೆ ಕೇಶವಭಟ್ಟ, ತಾಯಿ ಮುಗ್ಧಾದೇವಿ. ಶೈವ ಬ್ರಾಹ್ಮಣರಾಗಿದ್ದ ಅವರು ಬಳಿಕ ಜಿನಧರ್ಮವನ್ನು ಸ್ವೀಕರಿಸಿದರು. ದಾರಿ ನಡೆದು ಬಳಲಿದ ಕವಿ ಊರ ಹೊರಗಿನ ತೋಪಿನಲ್ಲಿ ವಿಶ್ರಮಿಸುತ್ತಿದ್ದಾಗ ಇಬ್ಬರು ಬಂದು, ಈ ನಿರ್ಜನ ವನದಲ್ಲಿ ಏಕೆ ಇರುವಿರಿ, ನಗರಕ್ಕೆ ಬನ್ನಿರಿ ಎಂದು ಕರೆದರಂತೆ. ದುರ್ಜನರ ಗಂಟುಮೋರೆಯನ್ನು ಕಾಣುವುದಕ್ಕಿಂತ ಕಾಡಿನಲ್ಲಿ ಹಸಿದಿರುವುದೇ ಮೇಲೆಂದು ಆ ಅಭಿಮಾನಿ ಉತ್ತರಿಸಿದನು. ಕೊನೆಗೆ ಕೃಷ್ಣನ ಮಂತ್ರಿ ಭರತನು ಅವನನ್ನು ಆದರದಿಂದ ಮನೆಗೆ ಕರೆದುಕೊಂಡು ಹೋಗಿ, ಮಹಾಪುರುಷರ ಚರಿತ್ರೆಯನ್ನು ಬರೆಯಬೇಕೆಂದು ಪ್ರಾರ್ಥಿಸಿದನು. 959ರಲ್ಲಿ ಕಾವ್ಯ ಆರಂಭವಾಯಿತು. ನಡುವೆ ಕವಿಯ ಮನಸ್ಸು ಮುದುಡಿ ಲೇಖನಿ ನಿಂತಿತು. ಆಗಲೂ ಭರತನೇ ಬಂದು ಕೈಮುಗಿದು ಕೇಳಿಕೊಂಡನು. 965ರಲ್ಲಿ 102 ಸಂಧಿಗಳ ಅಪಭ್ರಂಶ ಮಹಾಪುರಾಣ ಮಾನ್ಯಖೇಟದಲ್ಲಿ ಸಂಪೂರ್ಣವಾಯಿತು. ಭರತನ ತರುವಾಯ ಅವನ ಮಗ ನನ್ನನೂ ತಂದೆಯಂತೆಯೇ ಕವಿಯನ್ನು ಪೋಷಿಸಿದನು.

ಆ ಕಾವ್ಯ ಮುಗಿದು ಏಳು ವರ್ಷ ಕಳೆಯುವಷ್ಟರಲ್ಲಿ ಮಾನ್ಯಖೇಟಕ್ಕೆ ದುರ್ದೆಸೆ ಬಂದಿತು. 972ರಲ್ಲಿ ಮಾಳವದ ಪರಮಾರ ಅರಸನಾದ ಸೀಯಕ ಹರ್ಷನು ದಂಡೆತ್ತಿ ಬಂದು ನಗರವನ್ನು ಸೂರೆಮಾಡಿದನು. ಧಾರಾಧಿಪತಿಯ ಕೋಪಾಗ್ನಿಯಲ್ಲಿ ಈ ಸುಂದರ ನಗರ ಸುಟ್ಟುಹೋದ ಮೇಲೆ ಪುಷ್ಪದಂತನು ಇನ್ನೆಲ್ಲಿ ನೆಲೆಸಬೇಕು ಎಂಬ ದುಃಖದ ಪದ್ಯವೊಂದು ಅವನ ಕಾವ್ಯದ ಕೆಲವು ಹಸ್ತಪ್ರತಿಗಳಲ್ಲಿ ಉಳಿದುಬಂದಿದೆ. ವಿಚಿತ್ರವೆಂದರೆ, ಸೂರೆಯ ಕಾಲವನ್ನು ಖಚಿತವಾಗಿ ತಿಳಿಸುವ ಆಧಾರ ದೊರೆಯುವುದು ಗೆದ್ದವರ ಊರಿನಲ್ಲಿಯೇ. ಧಾರಾ ನಗರದಲ್ಲಿದ್ದ ಧನಪಾಲನೆಂಬ ಪಂಡಿತನು ತನ್ನ ತಂಗಿ ಸುಂದರಿಗಾಗಿ ‘ಪಾಇಅಲಚ್ಛೀ’ ಎಂಬ ಪ್ರಾಕೃತ ನಿಘಂಟನ್ನು ಬರೆದನು. ವಿಕ್ರಮ ಸಂವತ್ಸರ 1029ರಲ್ಲಿ, ಮಾಳವೇಂದ್ರನು ಮಾನ್ಯಖೇಟವನ್ನು ಲೂಟಿ ಮಾಡಿದಾಗ, ಈ ಗ್ರಂಥ ರಚಿತವಾಯಿತೆಂದು ಅದರ ಕೊನೆಯಲ್ಲಿ ಹೇಳಿದನು. ಮುಂದೆ ಜಿನಧರ್ಮಾನುಯಾಯಿಯಾಗಿ ‘ತಿಲಕಮಂಜರಿ’ಯನ್ನು ರಚಿಸಿದ ಧನಪಾಲನು ಇವನೇ. ಅಂದು ಮಾನ್ಯಖೇಟದಿಂದ ಧಾರೆಗೆ ಹೊತ್ತೊಯ್ದ ಹೊನ್ನು ಎಲ್ಲಿ ಕರಗಿತೋ ಬಲ್ಲವರಿಲ್ಲ. ಅಣ್ಣ ತಂಗಿಗೆ ಕೊಟ್ಟ ನಿಘಂಟು ಇಂದಿಗೂ ಇದೆ.

ಮರುವರ್ಷವೇ ಚಾಲುಕ್ಯ ತೈಲಪನು ರಾಷ್ಟ್ರಕೂಟ ರಾಜ್ಯವನ್ನು ಕಿತ್ತುಕೊಂಡನು. ಕೃಷ್ಣನ ಮೊಮ್ಮಗನಾದ ನಾಲ್ಕನೆಯ ಇಂದ್ರನಿಗೆ ಪಟ್ಟ ಕಟ್ಟಲು ಗಂಗ ಮಾರಸಿಂಹನು ಹೋರಾಡಿದನಾದರೂ ಅದು ಫಲಿಸಲಿಲ್ಲ. ಮಾರಸಿಂಹನು ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದನು. ಇಂದ್ರನು 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ವ್ರತವನ್ನು ಕೈಗೊಂಡನು. ಸಾಮ್ರಾಜ್ಯದ ಕೊನೆಯ ಕುಡಿ ರಾಜ್ಯವನ್ನು ಬಿಟ್ಟು ಸಮಾಧಿಮರಣವನ್ನು ಅಪ್ಪಿದ ಪರಿ ಇದು. ಚಾಲುಕ್ಯರು ಕೆಲವು ಕಾಲ ಮಾನ್ಯಖೇಟದಿಂದಲೇ ಆಳಿದರು. ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನು ರಾಜಧಾನಿಯನ್ನು ಕಲ್ಯಾಣಕ್ಕೆ ಒಯ್ದ ಮೇಲೆ ಈ ಊರಿನ ವೈಭವ ಇಳಿಯುತ್ತ ಹೋಯಿತು.

ಆದರೆ ಧರ್ಮದ ಬಾಳು ಅರಸರೊಡನೆ ಹೋಗಲಿಲ್ಲ. ತೈಲಪನ ದಂಡನಾಯಕರಲ್ಲಿ ಒಬ್ಬನಾದ ನಾಗದೇವನ ಪತ್ನಿ ದಾನಚಿಂತಾಮಣಿ ಅತ್ತಿಮಬ್ಬೆ. ರಾಷ್ಟ್ರಕೂಟ ಕೃಷ್ಣನಿಂದ ಉಭಯಕವಿಚಕ್ರವರ್ತಿ ಎಂಬ ಬಿರುದು ಪಡೆದ ಪೊನ್ನನ ‘ಶಾಂತಿಪುರಾಣ’ ಎಲ್ಲಿ ಅಳಿದುಹೋಗುವುದೋ ಎಂದು ಆಕೆ ಅದರ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ದಾನ ಮಾಡಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಒಂದು ಸಾವಿರ ಪ್ರತಿಗಳು! ಓಲೆಗರಿಯನ್ನು ಹದಮಾಡಿ, ಕಂಟದಿಂದ ಒಂದೊಂದೇ ಅಕ್ಷರವನ್ನು ಕೊರೆದು, ಮಸಿ ತುಂಬಿ, ದಾರ ಪೋಣಿಸಿ ಕಟ್ಟಬೇಕಾಗಿದ್ದ ಕಾಲ ಅದು. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನದ ಅರ್ಥವನ್ನು ಆಕೆ ಆಚರಿಸಿ ತೋರಿಸಿದಳು.

ಕೊಣ್ಣೂರಿನ ಶಿಲಾಶಾಸನದ ಕಥೆಯೂ ಇಂತಹುದೇ. ಅಮೋಘವರ್ಷನು ತನ್ನ ಸೇನಾನಿ ಬಂಕೇಯನ ಬಿನ್ನಹದ ಮೇರೆಗೆ ಆತನು ಕೊಳನೂರಿನಲ್ಲಿ ಕಟ್ಟಿಸಿದ ಜಿನಾಲಯಕ್ಕಾಗಿ 860ರಲ್ಲಿ ಭೂದಾನ ಮಾಡಿದನು. ದಾನವನ್ನು ತಾಮ್ರಪಟದ ಮೇಲೆ ಬರೆಯಿಸಿಕೊಟ್ಟಿದ್ದಿತು. ಶತಮಾನಗಳ ಬಳಿಕ ವೀರನಂದಿ ಮುನಿಗಳ ಕಾಲದಲ್ಲಿ ಆ ತಾಮ್ರಪಟದ ಪಾಠವನ್ನು ಕಲ್ಲಿನ ಮೇಲೆ ಪುನಃ ಕೆತ್ತಿಸಿದರು. ಹಾಗೆ ಮಾಡಿದ್ದರಿಂದ ಆ ದಾನದ ವಿವರ ಇಂದಿಗೂ ಓದಲು ದೊರೆಯುತ್ತದೆ.

ಮಳಖೇಡದಲ್ಲಿ ಈಗ ಉಳಿದಿರುವುದೇನು? ನದಿಯ ದಂಡೆಯ ಮೇಲೆ ನಂತರದ ಕಾಲದಲ್ಲಿ ರೂಪುಗೊಂಡ ಕೋಟೆ ಇದೆ. 2020ರ ಅಕ್ಟೋಬರಿನ ಭಾರಿ ಮಳೆಯಲ್ಲಿ ಅದರ ಗೋಡೆಯ ಒಂದು ಭಾಗ ಕುಸಿಯಿತು. ಅದೇ ಸಮಯದಲ್ಲಿ ಕಾಗಿಣೆಯ ಪ್ರವಾಹ ಊರನ್ನೂ ಹೊಕ್ಕಿತು. ಮಾಧ್ವ ಪರಂಪರೆಯ ಟೀಕಾಚಾರ್ಯ ಜಯತೀರ್ಥರ ಸ್ಮರಣೆಯೊಂದಿಗೆ ಬೆಸೆದ ಉತ್ತರಾದಿ ಮಠವೂ ನದಿಯ ತೀರದಲ್ಲಿದ್ದು, ದೂರದಿಂದ ಭಕ್ತರು ಅಲ್ಲಿಗೆ ಬರುತ್ತಾರೆ. ಮತ್ತು ಊರಿನೊಳಗೆ ಶ್ರೀ ನೇಮಿನಾಥ ಬಸದಿ ಇದೆ.

ರಾಷ್ಟ್ರಕೂಟರ ಕಾಲಕ್ಕೆ ಮೂಲವನ್ನು ಹೇಳಲಾಗುವ ಈ ಬಸದಿಯಲ್ಲಿ ಬೇರೆ ಬೇರೆ ಶತಮಾನಗಳ ಕಂಬಗಳೂ ಜಿನಬಿಂಬಗಳೂ ಸೇರಿವೆ. ತೀರ್ಥಂಕರರ ಬಿಂಬಗಳು, ಚತುರ್ವಿಂಶತಿ ಪಟ್ಟಿಕೆ, ನಂದೀಶ್ವರ ದ್ವೀಪ, ಯಕ್ಷಿಯ ಮೂರ್ತಿ ಇವೆಲ್ಲ ಇಲ್ಲಿ ದರ್ಶನಕ್ಕೆ ದೊರೆಯುತ್ತವೆ. 96 ಬಿಂಬಗಳನ್ನು ಒಳಗೊಂಡ ಪಂಚಧಾತುವಿನ ಪುಟ್ಟ ಜಿನಾಲಯ ಇಲ್ಲಿಯ ವಿಶೇಷ. ಇಲ್ಲಿ ಬಲಾತ್ಕಾರ ಗಣದ ಭಟ್ಟಾರಕ ಪೀಠವೂ ಇದ್ದಿತು. ಮಹಾರಾಷ್ಟ್ರದ ಕಾರಂಜಾ, ಲಾತೂರು ಪೀಠಗಳಿಗೂ ಇದಕ್ಕೂ ಸಂಬಂಧವಿದ್ದಿತು. ರಾಷ್ಟ್ರಕೂಟರು ಹೋದರು, ಚಾಲುಕ್ಯರು ಹೋದರು. ಬಹಮನಿ ಸುಲ್ತಾನರು ಬಂದರು, ನಿಜಾಮರು ಬಂದರು. 1948ರಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು, 1956ರಲ್ಲಿ ಈ ಪ್ರದೇಶ ಕನ್ನಡ ನಾಡಿಗೆ ಸೇರಿತು. ಇಷ್ಟು ಬದಲಾವಣೆಗಳ ನಡುವೆ, ಒಂದು ಸಾಮಾನ್ಯ ಗ್ರಾಮದ ಬಸದಿಯಲ್ಲಿ ನೇಮಿನಾಥ ಸ್ವಾಮಿಯ ಆರಾಧನೆ ನಮ್ಮ ಕಾಲದವರೆಗೂ ಬಂದಿದೆ. ಅದಕ್ಕೆ ಕಾರಣರಾದವರು ಚಕ್ರವರ್ತಿಗಳಲ್ಲ. ಬೆಳಗ್ಗೆ ಎದ್ದು ನೀರು ತಂದು ಅಭಿಷೇಕ ಮಾಡಿದ ಪುರೋಹಿತರು, ಎಣ್ಣೆ ಅಕ್ಕಿ ಕೊಟ್ಟ ಶ್ರಾವಕರು, ಬಾಗಿಲು ಗುಡಿಸಿ ರಂಗವಲ್ಲಿ ಹಾಕಿದ ತಾಯಂದಿರು. ಅವರ ಹೆಸರುಗಳನ್ನು ಯಾವ ಶಾಸನವೂ ಹೇಳುವುದಿಲ್ಲ.

ಗ್ರಂಥಗಳ ವಿಷಯವೂ ಹಾಗೆಯೇ. ಧವಲಾ, ಜಯಧವಲಾಗಳ ಪ್ರಾಚೀನ ತಾಡವಾಲೆಗಳು ದೂರದ ತುಳುನಾಡಿನಲ್ಲಿ, ಮೂಡಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿದ್ದುದರಿಂದಲೇ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟ 1939ರಲ್ಲಿ ಅಚ್ಚಾಗಲು ಸಾಧ್ಯವಾಯಿತು. 16 ಸಂಪುಟಗಳು 1958ರ ವೇಳೆಗೆ ಪೂರ್ಣಗೊಂಡವು. ಕವಿರಾಜಮಾರ್ಗವನ್ನು ಕೆ. ಬಿ. ಪಾಠಕರು 1898ರಲ್ಲಿ ಪ್ರಕಟಿಸಿದರು. ಗಣಿತಸಾರಸಂಗ್ರಹವು ಎಂ. ರಂಗಾಚಾರ್ಯರ ಸಂಪಾದನೆಯಲ್ಲಿ 1912ರಲ್ಲಿ ಮದರಾಸಿನಿಂದ ಹೊರಬಂದಿತು. ಪುಷ್ಪದಂತನ ಮಹಾಪುರಾಣವನ್ನು ಪಿ. ಎಲ್. ವೈದ್ಯರು 1937ರಿಂದ 1941ರವರೆಗೆ ಮೂರು ಸಂಪುಟಗಳಲ್ಲಿ ಸಂಪಾದಿಸಿದರು. ಇವರಲ್ಲಿ ಎಲ್ಲರೂ ಜೈನರಲ್ಲ. ವಿದ್ಯೆಗೆ ಜಾತಿಯಿಲ್ಲವೆಂಬುದಕ್ಕೆ ಇದೂ ಒಂದು ಸಾಕ್ಷಿ. ಎಲ್ಲಿಯೋ ಒಬ್ಬ ಗೃಹಸ್ಥನ ಅಟ್ಟದ ಮೇಲೆ, ಯಾವುದೋ ಮಠದ ಪೆಟ್ಟಿಗೆಯಲ್ಲಿ, ಬಟ್ಟೆಯಲ್ಲಿ ಸುತ್ತಿ ಇಟ್ಟ ಕಟ್ಟೊಂದು ಗೆದ್ದಲಿಗೆ ಆಹಾರವಾಗದೆ ಉಳಿದದ್ದರಿಂದ ಮಾನ್ಯಖೇಟ ಇಂದು ಬರಿಯ ಹೆಸರಾಗಿ ಉಳಿಯದೆ ಜೀವಂತವಾಗಿದೆ.

ಧರ್ಮಬಂಧುಗಳೆ, ಇಂದು ಈ ಊರಿನಲ್ಲಿ ನೂತನ ಬಿಂಬಕ್ಕೆ ಪ್ರತಿಷ್ಠೆ ನೆರವೇರುತ್ತಿದೆ. ಗರ್ಭಾವತರಣದಿಂದ ಮೋಕ್ಷದವರೆಗಿನ ಐದು ಕಲ್ಯಾಣಗಳೂ ಶಾಸ್ತ್ರೋಕ್ತವಾಗಿ ಜರಗಿವೆ. ದಾನಿಗಳು ಉದಾರವಾಗಿ ನೀಡಿದ್ದಾರೆ. ತರುಣರು ಹಗಲಿರುಳು ದುಡಿದಿದ್ದಾರೆ. ಇದು ಸಂತೋಷದ ವಿಷಯ. ಆದರೆ ಚಪ್ಪರ ಬಿಚ್ಚಿದ ಮರುದಿನ ಬೆಳಗ್ಗೆ ಸ್ವಾಮಿಗೆ ಅಭಿಷೇಕವಾಗಬೇಕು. ಹತ್ತು ವರ್ಷಗಳ ತರುವಾಯವೂ ಆಗಬೇಕು. ಇಂದು ವೇದಿಕೆಯ ಮುಂದೆ ಆಡುತ್ತಿರುವ ಮಕ್ಕಳು ಉದ್ಯೋಗವನ್ನು ಅರಸಿ ಪರಸ್ಥಳಗಳಿಗೆ ಹೋದ ಮೇಲೂ ಆಗಬೇಕು. ಹಳ್ಳಿಹಳ್ಳಿಗಳಲ್ಲಿ ಶ್ರಾವಕರ ಮನೆಗಳು ಕಡಮೆಯಾಗಿ ಬಸದಿಗಳ ಬಾಗಿಲು ಮುಚ್ಚುತ್ತಿರುವುದನ್ನು ಅರಿಯದವರು ಈ ಸಭೆಯಲ್ಲಿ ಇರಲಾರರು.

ಆದುದರಿಂದ ಉತ್ಸವದ ಲೆಕ್ಕವನ್ನು ಮುಗಿಸುವ ಮುನ್ನ ನಿತ್ಯಪೂಜೆಗೆ ಒಂದು ಶಾಶ್ವತ ನಿಧಿಯನ್ನು ತೆಗೆದಿರಿಸುವುದು ಅವಶ್ಯ. ಅದರ ಅಸಲನ್ನು ಯಾರೂ ಮುಟ್ಟದೆ ಬಡ್ಡಿಯಿಂದಲೇ ಪೂಜೆ ನಡೆಯಬೇಕು. ಪುರೋಹಿತರ ಸಂಸಾರ ನಿಶ್ಚಿಂತೆಯಿಂದ ಸಾಗುವಷ್ಟು ವೇತನ ಅದರಲ್ಲಿ ಸೇರಿರಬೇಕು. ಅವರನ್ನು ಅರೆಹೊಟ್ಟೆಯಲ್ಲಿ ಇರಿಸಿ ಶಿಖರಕ್ಕೆ ಕಲಶವೇರಿಸುವುದು ಧರ್ಮವೆನಿಸದು. ಎರಡನೆಯದಾಗಿ, ಯಾರ ಮನೆಯ ಅಟ್ಟದಲ್ಲಿ ಓಲೆಗರಿಯ ಕಟ್ಟುಗಳಿವೆಯೋ, ಹಿರಿಯರು ಕೈಯಿಂದ ಬರೆದ ಪೂಜಾಪುಸ್ತಕಗಳಿವೆಯೋ ಅವರು ಅವುಗಳನ್ನು ಮುಂದಿನ ಶ್ರುತಪಂಚಮಿಯಂದು ಬಸದಿಗೆ ತಂದು ತೋರಿಸಲಿ. ಕೊಡಲೇಬೇಕೆಂದಿಲ್ಲ. ಪಟ್ಟಿಯಾಗಲಿ, ಧೂಳು ಒರೆಸಿ ಎಣ್ಣೆ ಸವರಿ ಹೊಸ ಬಟ್ಟೆಯಲ್ಲಿ ಸುತ್ತಿಡುವ ಕೆಲಸವಾಗಲಿ, ಛಾಯಾಚಿತ್ರವಾಗಲಿ. ಮೂರನೆಯದಾಗಿ, ವಾರಕ್ಕೊಮ್ಮೆಯಾದರೂ ಮಕ್ಕಳಿಗೆ ಪಾಠಶಾಲೆ ನಡೆಯಲಿ. ಅವರಲ್ಲಿ ಒಬ್ಬನಾದರೂ ಒಬ್ಬಳಾದರೂ ಹಳಗನ್ನಡವನ್ನು, ಪ್ರಾಕೃತವನ್ನು ಓದಬಲ್ಲವರಾದರೆ ಬಸದಿಗೆ ಮತ್ತೊಂದು ಕಂಬ ನಿಂತಂತೆ.

ಅಮೋಘವರ್ಷನಂತಹ ದೊರೆ ಈಗ ಬರುವಂತಿಲ್ಲ. ಅತ್ತಿಮಬ್ಬೆಯಷ್ಟು ಸಂಪತ್ತು ಎಲ್ಲರಲ್ಲಿ ಇರುವುದಿಲ್ಲ. ಆದರೆ ಮಳಖೇಡದಲ್ಲಿ ದೀಪವನ್ನು ಆರಗೊಡದೆ ಕಾಯ್ದ ಹೆಸರಿಲ್ಲದ ಶ್ರಾವಕರಂತೆ ಬಾಳುವುದು ಈ ಸಭೆಯಲ್ಲಿರುವ ಪ್ರತಿಯೊಬ್ಬರಿಗೂ ಸಾಧ್ಯ. ಉತ್ತರದ ಕಡೆಗೆ ಪ್ರಯಾಣ ಮಾಡುವ ಬಂಧುಗಳು ಇನ್ನು ಮುಂದೆ ಮಳಖೇಡದ ಹೆಸರನ್ನು ಓದಿ ಮುಂದೆ ಹೋಗದೆ, ಇಳಿದು, ಕಾಗಿಣಾ ತೀರದ ಆ ಬಸದಿಯಲ್ಲಿ ನೇಮಿನಾಥ ಸ್ವಾಮಿಯ ದರ್ಶನ ಮಾಡಿ, ಅಲ್ಲಿಯ ಪೂಜೆಗೂ ತಮ್ಮ ಕೈಲಾದ ಕಾಣಿಕೆಯನ್ನು ಸಲ್ಲಿಸಿ ಬರಲಿ.

ಇಲ್ಲಿ ಪ್ರತಿಷ್ಠೆಗೊಂಡ ಸ್ವಾಮಿಯ ಸನ್ನಿಧಿಯಲ್ಲಿ ನಿತ್ಯಪೂಜೆ ಅಖಂಡವಾಗಿ ನಡೆಯಲಿ. ಸಕಲ ಜೀವರಾಶಿಗಳಿಗೂ ಸುಖಶಾಂತಿ ಲಭಿಸಲಿ.

ಜೈ ಜಿನೇಂದ್ರ.